ಹೊಲಮನೆಯ ನಾಯಿಗೆ ಕಾಯಿಲೆ: ಕಾಯಬಾರದ ಲಕ್ಷಣಗಳು

ಕೊಪ್ಪಳ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಎರೆ, ಮಸಾರಿ ಹೊಲಗಳಲ್ಲಿ ಕುರಿಹಿಂಡು ಇದ್ದಲ್ಲಿ ನಾಯಿಯೂ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿಯ ಗದ್ದೆ ಬಯಲಿನಲ್ಲಿ ಕಣ, ಬಣವೆ, ಪಂಪುಸೆಟ್ಟುಗಳನ್ನು ರಾತ್ರಿಯಿಡೀ ಕಾಯುವುದೂ ಅದೇ. ಆದರೂ ಎತ್ತಿಗೆ ಜ್ವರ ಬಂದರೆ ಅಂದೇ ಪಶುವೈದ್ಯರನ್ನು ಕರೆಸುವ ರೈತರು, ಕುರಿಗಳಿಗೆ ಲಸಿಕೆ ಹಾಕಿಸುವ ತಿಂಗಳನ್ನು ಮರೆಯದ ರೈತರು, ನಾಯಿ ಮಂಕಾಗಿ ಮೂಲೆ ಹಿಡಿದರೆ ‘ಎರಡು ದಿನ ಬಿಟ್ಟರೆ ತಾನೇ ಸರಿಹೋಗುತ್ತದೆ’ ಎಂದು ಸುಮ್ಮನಿರುವುದುಂಟು.

ಅನೇಕ ಸಲ ಅದು ನಿಜವೂ ಹೌದು. ಹಳಸಿದ್ದನ್ನು ತಿಂದ ನಾಯಿ ಹುಲ್ಲು ಮೇದು ವಾಂತಿ ಮಾಡಿ, ಒಂದು ಹೊತ್ತು ಉಪವಾಸವಿದ್ದು ಮರುದಿನ ಎಂದಿನಂತೆ ಓಡಾಡುತ್ತದೆ. ಆದರೆ ಕೆಲವು ಲಕ್ಷಣಗಳು ಕಂಡಾಗ ಎರಡು ದಿನ ಕಾಯುವುದೆಂದರೆ ನಾಯಿಯನ್ನು ಕಳೆದುಕೊಂಡಂತೆಯೇ. ಇನ್ನು ಒಂದು ರೋಗದಲ್ಲಿ ಹೋಗುವುದು ನಾಯಿಯ ಜೀವ ಮಾತ್ರವಲ್ಲ, ಅದರ ಬಾಯಿಗೆ ಕೈಹಾಕಿದ ಮನುಷ್ಯನ ಜೀವವೂ ಹೋಗುತ್ತದೆ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ನಾಯಿ ಸಾಕಿದ ಪ್ರತಿಯೊಂದು ಮನೆಯವರೂ ತಿಳಿದಿರುವುದು ಅವಶ್ಯ.

ಆರೋಗ್ಯವಿದ್ದಾಗಲೇ ನೋಡಿಟ್ಟುಕೊಳ್ಳಿ

ಸ್ವಸ್ಥ ನಾಯಿಯ ಮೈಶಾಖ ಮನುಷ್ಯನಿಗಿಂತ ಹೆಚ್ಚು. ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಆದ್ದರಿಂದ ಕೈಗೆ ಬೆಚ್ಚಗೆ ಹತ್ತಿದ ಮಾತ್ರಕ್ಕೆ ಜ್ವರವೆಂದು ತಿಳಿಯಬಾರದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 103 ದಾಟಿದ್ದರೆ ಜ್ವರ ಎನ್ನಬಹುದು. ನೆರಳಿನಲ್ಲಿ ಮಲಗಿದ ನಾಯಿ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ಮೂಗು ಒಣಗಿದರೆ ಕಾಯಿಲೆ, ತೇವವಿದ್ದರೆ ಆರೋಗ್ಯ ಎಂಬ ನಂಬಿಕೆ ಬಹಳ ಕಡೆ ಇದೆ, ಅದನ್ನು ನೆಚ್ಚಲಾಗದು. ಬಿಸಿಲಲ್ಲಿ ಮಲಗಿ ಎದ್ದ ಒಳ್ಳೆಯ ನಾಯಿಯ ಮೂಗೂ ಒಣಗಿರುತ್ತದೆ.

ಮೂಗಿಗಿಂತ ಒಸಡು ನಿಜ ಹೇಳುತ್ತದೆ. ಮೇಲ್ದುಟಿಯನ್ನು ಎತ್ತಿ ನೋಡಿದರೆ ಒಸಡು ನಸುಗೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಸುಣ್ಣದಂತೆ ಬೆಳ್ಳಗಾಗಿದ್ದರೆ ರಕ್ತ ಕಡಿಮೆಯಾಗಿದೆ, ಅರಿಶಿನದ ಬಣ್ಣವಿದ್ದರೆ ಪಿತ್ತಕೋಶಕ್ಕೆ ಅಥವಾ ರಕ್ತಕ್ಕೆ ತೊಂದರೆಯಾಗಿದೆ, ನೀಲಿಗಟ್ಟಿದ್ದರೆ ಉಸಿರು ಸಾಲುತ್ತಿಲ್ಲ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪಾಗಿರುವುದರಿಂದ, ಆರೋಗ್ಯವಿದ್ದಾಗ ಒಮ್ಮೆ ನೋಡಿಟ್ಟುಕೊಂಡಿದ್ದರೆ ಮುಂದೆ ಗೊಂದಲವಿರದು. ಅಂತಹ ನಾಯಿಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ: ಬಾಯಿಯ ಈ ಪರೀಕ್ಷೆಯನ್ನು, ಮುಂದೆ ಹೇಳುವ ಹುಚ್ಚಿನ ಶಂಕೆ ಇರುವ ನಾಯಿಗೆ ಎಂದಿಗೂ ಮಾಡತಕ್ಕದ್ದಲ್ಲ.

ಮುಟ್ಟುವ ಮುನ್ನ ದೂರ ನಿಂತು ನೋಡಿ

ಕಾಯಿಲೆ ಬಿದ್ದ ನಾಯಿಯ ಹತ್ತಿರ ಹೋಗುವ ಮೊದಲು ಹತ್ತು ಹೆಜ್ಜೆ ದೂರದಲ್ಲಿ ನಿಂತು ಎರಡು ನಿಮಿಷ ನೋಡುವುದು ಲೇಸು. ಆಗ ಮೊದಲು ಬಗೆಹರಿಯಬೇಕಾದ ಪ್ರಶ್ನೆ, ಇದು ಹುಚ್ಚು ಇರಬಹುದೇ ಎಂಬುದು.

ಹುಚ್ಚು ರೋಗ ಅಥವಾ ರೇಬೀಸ್ ನಾಯಿಯಲ್ಲಿ ಎರಡು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಉಗ್ರ ರೂಪವನ್ನು ಗುರುತಿಸಲು ಯಾರೂ ಕಲಿಸಬೇಕಾಗಿಲ್ಲ. ನಾಯಿ ಗೊತ್ತುಗುರಿಯಿಲ್ಲದೆ ಓಡುತ್ತದೆ, ಕಲ್ಲು ಕಟ್ಟಿಗೆಯನ್ನೂ ಕಚ್ಚುತ್ತದೆ, ಕೆರಳಿಸದಿದ್ದರೂ ಮೈಮೇಲೆ ಬರುತ್ತದೆ. ಅದನ್ನು ಕಂಡೊಡನೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಹೆಚ್ಚಿನ ಆಪತ್ತು ಇರುವುದು ಮೂಕ ರೂಪದಲ್ಲಿ. ಇಂತಹ ನಾಯಿ ಯಾರ ಮೇಲೂ ಏರಿ ಬರುವುದಿಲ್ಲ. ಕತ್ತಲೆಯ ಮೂಲೆ ಸೇರುತ್ತದೆ, ಕರೆದರೆ ಬಾರದು. ಬೊಗಳುವ ದನಿ ಒಡೆದು ಊಳಿಟ್ಟಂತೆ ಕೇಳಿಸುತ್ತದೆ. ಕೆಳದವಡೆ ಜೋತು ಬೀಳುತ್ತದೆ, ನಾಲಗೆ ಹೊರಚಾಚುತ್ತದೆ, ಜೊಲ್ಲು ಎಳೆಎಳೆಯಾಗಿ ಸುರಿಯುತ್ತದೆ. ಅನ್ನವನ್ನು ಬಾಯಿಗೆ ತೆಗೆದುಕೊಂಡರೂ ನುಂಗಲಾರದು. ಇದನ್ನು ನೋಡಿದ ಮನೆಯವರಿಗೆ ಮೊದಲು ಹೊಳೆಯುವುದು ‘ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆ’ ಎಂದು. ಪ್ರೀತಿಯ ನಾಯಿ, ಕಚ್ಚುತ್ತಲೂ ಇಲ್ಲ. ಎಲುಬು ತೆಗೆಯಲೆಂದು ಬಾಯೊಳಗೆ ಕೈ ಹಾಕಿಬಿಡುತ್ತಾರೆ. ಬೆರಳಿನಲ್ಲಿ ಮುಳ್ಳು ಗೀರಿದ ಸಣ್ಣ ಗಾಯವಿದ್ದರೂ ಸಾಕು, ಜೊಲ್ಲಿನಲ್ಲಿರುವ ವೈರಸ್ ಒಳಗೆ ಹೋಗಲು ಅಷ್ಟೇ ದಾರಿ ಬೇಕಾಗಿರುವುದು.

ಆದ್ದರಿಂದ ದವಡೆ ಜೋತು ಜೊಲ್ಲು ಸುರಿಸುವ, ದನಿ ಬದಲಾದ, ನುಂಗಲಾರದ ನಾಯಿಯ ಬಾಯಿಗೆ ಕೈಹಾಕಲೇಬಾರದು. ನಿಜವಾಗಿ ಎಲುಬೇ ಸಿಕ್ಕಿದ್ದರೂ ಅದನ್ನು ತೆಗೆಯುವ ಕೆಲಸ ಪಶುವೈದ್ಯರದು.

ನೀರಿನ ಪರೀಕ್ಷೆಯೂ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ನಾಯಿಯ ಮುಂದೆ ನೀರಿಟ್ಟು, ಅದು ಕುಡಿಯಲು ಹೋದರೆ ಹುಚ್ಚಲ್ಲವೆಂದು ತೀರ್ಮಾನಿಸುವುದು. ಇದು ತಪ್ಪು. ನೀರನ್ನು ಕಂಡು ಬೆದರುವುದು ಈ ರೋಗ ತಗುಲಿದ ಮನುಷ್ಯನಲ್ಲಿ ಕಾಣುವ ಲಕ್ಷಣವೇ ಹೊರತು ನಾಯಿಯದಲ್ಲ. ಹುಚ್ಚು ಹಿಡಿದ ನಾಯಿ ನೀರಿಗೆ ಬಾಯಿ ಹಾಕುತ್ತದೆ, ಹಳ್ಳವನ್ನೂ ದಾಟುತ್ತದೆ.

ಕಚ್ಚಿಸಿಕೊಂಡ ನಾಯಿಯಲ್ಲಿ ಲಕ್ಷಣಗಳು ತೋರಲು ಸಾಮಾನ್ಯವಾಗಿ ಎರಡು ವಾರದಿಂದ ಎರಡು ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಹೀಗಾಗಿ ಅಡವಿಯಲ್ಲಿ ನಾಯಿಗೆ ಆದ ಗಾಯ ಮಾಸಿ ಮರೆತೇ ಹೋಗಿರುತ್ತದೆ. ಬಯಲುಸೀಮೆಯ ಈ ಭಾಗದಲ್ಲಿ ತೋಳ, ನರಿಗಳು ಇಂದಿಗೂ ಇವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಜೀವಿಧಾಮವಿದೆ. ಹಿಂಡನ್ನು ಕಾಯುವ ನಾಯಿ ಅವುಗಳೊಡನೆ ಕಾದಾಡುವುದು ಸಹಜ, ರೋಗ ಎರಡೂ ಕಡೆಗೆ ದಾಟುವುದೂ ಸಹಜ. ಕಾದಾಡಿ ಬಂದ ನಾಯಿಯ ಗಾಯವನ್ನು ಬರಿಗೈಯಿಂದ ಮುಟ್ಟದೆ ಸೋಪಿನ ನೀರಿನಿಂದ ತೊಳೆದು, ಪಶುವೈದ್ಯರಲ್ಲಿ ಕಚ್ಚಿದ ನಂತರದ ಲಸಿಕೆಯ ವಿಚಾರ ಕೇಳಬೇಕು.

ಶಂಕೆ ಬಂದ ನಾಯಿಯನ್ನು ಸಾಧ್ಯವಾದರೆ ಹತ್ತಿರ ಹೋಗದೆಯೇ ಒಂದು ಕೋಣೆಯಲ್ಲಿ ಕೂಡಿಹಾಕಿ ಪಶು ಆಸ್ಪತ್ರೆಗೂ ಗ್ರಾಮ ಪಂಚಾಯಿತಿಗೂ ತಿಳಿಸತಕ್ಕದ್ದು. ಲಕ್ಷಣ ತೋರಿದ ಮೇಲೆ ಅದು ಸಾಮಾನ್ಯವಾಗಿ 10 ದಿನಗಳೊಳಗೆ ಸಾಯುತ್ತದೆ. ಯಾವ ಔಷಧಿಯೂ ಇಲ್ಲ. ತಲೆಗೆ ಬಡಿದು ಕೊಲ್ಲುವುದು ಸಲ್ಲದು. ಹಾಗೆ ಮಾಡಿದರೆ ಬಡಿಯಲು ಹೋದವರೇ ಕಚ್ಚಿಸಿಕೊಳ್ಳುತ್ತಾರೆ. ಅಲ್ಲದೆ ರೋಗವನ್ನು ಖಚಿತಪಡಿಸುವುದು ಮಿದುಳಿನ ಪರೀಕ್ಷೆಯಿಂದ. ಮಿದುಳು ಜಜ್ಜಿಹೋದರೆ ಪರೀಕ್ಷೆಗೆ ಏನೂ ಉಳಿಯದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ. ಮಾದರಿ ತೆಗೆಯುವ ಕೆಲಸವನ್ನು ಮಾತ್ರ ಪಶುವೈದ್ಯರಿಗೇ ಬಿಡಬೇಕು.

ಮನುಷ್ಯರಿಗೆ, ದನಗಳಿಗೆ ಕಚ್ಚಿದ್ದರೆ

ಕಚ್ಚಿದ, ಪರಚಿದ ಅಥವಾ ಗಾಯದ ಮೇಲೆ ನೆಕ್ಕಿದ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಪಂಪುಸೆಟ್ಟಿನ ನೀರೂ ಆದೀತು, ಬಟ್ಟೆ ಒಗೆಯುವ ಸೋಪೂ ಆದೀತು. ಈ ವೈರಸ್ಸಿಗೆ ಸೋಪು ದೊಡ್ಡ ಶತ್ರು. ಸುಣ್ಣ, ಖಾರದಪುಡಿ, ಸೊಪ್ಪಿನ ರಸ ಹಚ್ಚುವುದರಿಂದ ಗಾಯ ಕೆರಳುತ್ತದೆಯೇ ಹೊರತು ರೋಗ ನಿಲ್ಲದು. ತೊಳೆದ ಮೇಲೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಾಯಿಗೆ ಏನಾಗುತ್ತದೆಯೋ ನೋಡೋಣವೆಂದು ಲಸಿಕೆಯನ್ನು ಮುಂದೂಡಬಾರದು. ಲಸಿಕೆ ಮೊದಲು ಆರಂಭವಾಗಲಿ. 10 ದಿನಗಳ ನಂತರವೂ ನಾಯಿ ಆರೋಗ್ಯವಾಗಿದ್ದರೆ ಮುಂದಿನ ಚುಚ್ಚುಮದ್ದುಗಳ ಬಗ್ಗೆ ವೈದ್ಯರೇ ತೀರ್ಮಾನಿಸುತ್ತಾರೆ.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ಅದರ ಬಳಕೆ ಭಾರತದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗ ತೋಳಿಗೆ ಕೊಡುವ ಲಸಿಕೆ. ಸ್ನಾಯುವಿಗಾದರೆ ಮೊದಲ ದಿನ, ನಂತರ 3, 7, 14 ಮತ್ತು 28ನೆಯ ದಿನ, ಚರ್ಮದೊಳಗಾದರೆ ಮೊದಲ ದಿನ, 3, 7 ಮತ್ತು 28ನೆಯ ದಿನ. ರಕ್ತ ಬಂದ ಗಾಯಗಳಿಗೆ ಇದರ ಜೊತೆಗೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧಿಯನ್ನು ಹಾಕಬೇಕಾಗುತ್ತದೆ. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು.

ಕಚ್ಚಿಸಿಕೊಂಡ ಆಕಳು ಎಮ್ಮೆಗಳಿಗೂ ತಡಮಾಡದೆ ಲಸಿಕೆ ಕೊಡಿಸಲು ಸಾಧ್ಯವಿದೆ. ಅವುಗಳಲ್ಲಿ ರೋಗ ಕಾಣಿಸಿಕೊಂಡಾಗಲೂ ಅದೇ ಮೋಸ ನಡೆಯುತ್ತದೆ: ಎಮ್ಮೆ ಜೊಲ್ಲು ಸುರಿಸುತ್ತ ಒಂದೇ ಸಮನೆ ಅರಚುತ್ತದೆ, ಮೇವು ನುಂಗದು, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಗೊಟ್ಟದಿಂದ ಎಣ್ಣೆ ಹಾಕಲು ಹೋಗುತ್ತಾರೆ. ಅಂತಹ ದನದ ಹಾಲನ್ನು ಬಳಸಬಾರದು.

ಹೊಲದ ವಿಷ

ಜೊಲ್ಲು ಸುರಿಸುವ ನಾಯಿಗಳೆಲ್ಲ ಹುಚ್ಚು ನಾಯಿಗಳಲ್ಲ. ಬೆಳೆಗೆ ಹೊಡೆಯುವ ‘ಎಣ್ಣೆ’, ಅಂದರೆ ಕೀಟನಾಶಕ ಒಳಸೇರಿದಾಗಲೂ ಜೊಲ್ಲು ಧಾರಾಕಾರವಾಗಿ ಸುರಿಯುತ್ತದೆ. ವ್ಯತ್ಯಾಸ ತಿಳಿಯಲು ಸಮಯ ನೋಡಬೇಕು. ಹುಚ್ಚಿನ ಲಕ್ಷಣಗಳು ಒಂದೆರಡು ದಿನಗಳಲ್ಲಿ ಬಲಿಯುತ್ತವೆ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕವಾದರೆ, ಬೆಳಿಗ್ಗೆ ಚೆನ್ನಾಗಿದ್ದ ನಾಯಿ ಮಧ್ಯಾಹ್ನದೊಳಗೆ ಜೊಲ್ಲು, ವಾಂತಿ, ಭೇದಿ ಮಾಡಿಕೊಂಡು, ಮೈಯ ಮಾಂಸವೆಲ್ಲ ನಡುಗುತ್ತ ಬೀಳುತ್ತದೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗುತ್ತದೆ, ಉಸಿರು ಗೊರಗೊರ ಎನ್ನುತ್ತದೆ. ಇದು ಗಂಟೆಗಳ ಲೆಕ್ಕದ ಕಾಯಿಲೆ. ಆದರೆ ಪಶುವೈದ್ಯರ ಬಳಿ ಅಟ್ರೊಪಿನ್ ಎಂಬ ಪ್ರತಿವಿಷವಿರುವುದರಿಂದ, ವೇಳೆಗೆ ಮುಟ್ಟಿಸಿದರೆ ಬದುಕುವ ನಾಯಿಗಳೂ ಇವೆ. ಎರಡರಲ್ಲಿ ಯಾವುದೆಂದು ತಿಳಿಯದಿದ್ದರೆ ಹುಚ್ಚೆಂದೇ ಬಗೆದು ಬಾಯಿಯಿಂದ ದೂರವಿರಬೇಕು.

ಈ ವಿಷ ನಾಯಿಗೆ ಸೇರುವ ದಾರಿಗಳನ್ನು ರೈತರೇ ತೆರೆದಿರುತ್ತಾರೆ. ಔಷಧಿ ಕಲಸಿದ ಬಕೆಟ್ಟಿನಲ್ಲಿ ಉಳಿದ ನೀರು, ಬದುವಿನ ಮೇಲೆ ಎಸೆದ ಡಬ್ಬಿ, ಬಾಯಿ ಬಿಚ್ಚಿಟ್ಟ ಚೀಲ. ಗದ್ದೆಗೆ ಎರಚುತ್ತಿದ್ದ ಫೋರೇಟ್ ಹರಳುಗಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿವೆ. ಕೊಟ್ಟಿಗೆಯ ಅಟ್ಟದ ಮೇಲೆ ಹಳೆಯ ಪೊಟ್ಟಣವಿದ್ದರೆ ಅದನ್ನು ಇಟ್ಟುಕೊಳ್ಳುವುದು ಎಲ್ಲ ರೀತಿಯಿಂದಲೂ ಕೇಡು. ಇವೆಲ್ಲಕ್ಕಿಂತ ಹೆಚ್ಚು ದುಃಖಕರವಾದುದು, ಉಣ್ಣಿ ಸಾಯಲೆಂದು ಬೆಳೆಯ ಕೀಟನಾಶಕವನ್ನೇ ನೀರಿಗೆ ಬೆರೆಸಿ ನಾಯಿಯ ಮೈಗೆ ಸವರುವ ರೂಢಿ. ಚರ್ಮದ ಮೂಲಕವೂ ವಿಷ ಏರುತ್ತದೆ, ನಾಯಿ ಮೈ ನೆಕ್ಕಿಕೊಂಡಾಗ ಬಾಯಿಯ ಮೂಲಕವೂ ಏರುತ್ತದೆ. ಬೆಳೆಗೆ ಎಂದು ಬರೆದಿರುವ ಯಾವ ಔಷಧಿಯೂ ಪ್ರಾಣಿಯ ಮೈಗೆ ಅಲ್ಲ. ಹಾಗೆ ಹಚ್ಚಿ ಆಗಿದ್ದರೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸೋಪು ನೀರಿನಿಂದ ಮೈಯನ್ನು ಚೆನ್ನಾಗಿ ತೊಳೆದು ನಂತರ ಆಸ್ಪತ್ರೆಗೆ ಒಯ್ಯಬೇಕು.

ಇಲಿ ಪಾಷಾಣದ ಲಕ್ಷಣಗಳು ಬೇರೆ. ಭತ್ತದ ಬದುಗಳಲ್ಲಿ ಇಡುವ ಸತುವಿನ ಫಾಸ್ಫೈಡ್ ಕಪ್ಪು ಪುಡಿ, ಹೊಟ್ಟೆಯ ಆಮ್ಲ ಸೋಕಿದಾಗ ವಿಷದ ಅನಿಲವಾಗುತ್ತದೆ. ವಾಂತಿ ಬೆಳ್ಳುಳ್ಳಿಯಂತೆ ಅಥವಾ ಕೊಳೆತ ಮೀನಿನಂತೆ ನಾರುತ್ತದೆ. ಆ ವಾಸನೆ ಮನುಷ್ಯರಿಗೂ ಕೆಟ್ಟದ್ದಾದ್ದರಿಂದ ನಾಯಿಯನ್ನು ಗಾಳಿಯಾಡುವ ಬಯಲಿನಲ್ಲಿಡಬೇಕು. ಇದಕ್ಕೆ ನೇರ ಪ್ರತಿವಿಷವಿಲ್ಲ. ಅನ್ನ, ಹಾಲು ತಿನ್ನಿಸಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಬ್ರೊಮಾಡಿಯೊಲೋನ್ ಬಿಲ್ಲೆಯಾದರೆ ಇನ್ನೊಂದು ಬಗೆಯ ಮೋಸ: ತಿಂದ ನಾಯಿ ಎರಡು ಮೂರು ದಿನ ಏನೂ ಆಗದಂತೆ ಓಡಾಡಿಕೊಂಡಿದ್ದು, ನಂತರ ಮೂಗಿನಲ್ಲಿ, ಒಸಡಿನಲ್ಲಿ, ಮಲದಲ್ಲಿ ರಕ್ತ ಕಾಣಿಸಿ ಸೊರಗುತ್ತದೆ. ಬಿಲ್ಲೆ ತಿಂದುದನ್ನು ಕಂಡ ದಿನವೇ ಆಸ್ಪತ್ರೆಗೆ ಹೋದರೆ ವಿಟಮಿನ್ ಕೆ ಚಿಕಿತ್ಸೆಯಿಂದ ಸಾಮಾನ್ಯವಾಗಿ ಉಳಿಸಬಹುದು.

ಯಾವ ವಿಷವೇ ಆಗಲಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಕೊಬ್ಬರಿ ಎಣ್ಣೆ ಹೊಯ್ಯುವುದು ಬೇಡ. ನಡುಗುವ ನಾಯಿಯ ಗಂಟಲಿಗೆ ಹೊಯ್ದದ್ದು ಪುಪ್ಪುಸಕ್ಕೆ ಇಳಿಯುತ್ತದೆ. ಔಷಧಿಯ ಡಬ್ಬಿ ಅಥವಾ ಪೊಟ್ಟಣವನ್ನು ಜೊತೆಗೆ ಒಯ್ಯುವುದೇ ದೊಡ್ಡ ಸಹಾಯ. ಅದರ ಮೇಲಿನ ಹೆಸರು ನೋಡಿ ಪಶುವೈದ್ಯರು ಚಿಕಿತ್ಸೆ ನಿರ್ಧರಿಸುತ್ತಾರೆ.

ಉಣ್ಣಿ ಜ್ವರ

ಮೇಲಿನವು ಏಕಾಏಕಿ ಬರುವಂಥವು. ಉಣ್ಣಿ ಜ್ವರ ಮೆಲ್ಲಗೆ ಬರುತ್ತದೆ. ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡ ಉಣ್ಣಿಗಳು ರಕ್ತ ಹೀರುವುದರ ಜೊತೆಗೆ ಎರ್ಲಿಕಿಯಾ, ಬೆಬೀಸಿಯಾ ಎಂಬ ಸೂಕ್ಷ್ಮಜೀವಿಗಳನ್ನು ರಕ್ತಕ್ಕೆ ಬಿಡುತ್ತವೆ. ನಾಯಿ ಒಂದು ದಿನ ಉಂಡು ಒಂದು ದಿನ ಬಿಡುತ್ತದೆ, ಜ್ವರ ಬಂದು ಹೋಗುತ್ತದೆ, ಮೈ ಇಳಿಯುತ್ತದೆ, ಒಸಡು ಬಿಳಿಚುತ್ತದೆ. ಮೂಗಿನಿಂದ ತಾನೇತಾನಾಗಿ ರಕ್ತ ಸೋರಿದರೆ ಅಥವಾ ಮೂತ್ರ ಚಹಾದ ಕಷಾಯದಂತೆ ಕಂಡರೆ ಮರುದಿನಕ್ಕೆ ಬಿಡುವಂತಿಲ್ಲ. ರಕ್ತ ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಎರ್ಲಿಕಿಯಾಗೆ ಸಾಮಾನ್ಯವಾಗಿ ನಾಲ್ಕು ವಾರ ಗುಳಿಗೆ ಕೊಡಬೇಕಾಗುತ್ತದೆ. ಐದು ದಿನದಲ್ಲಿ ನಾಯಿ ಚುರುಕಾಯಿತೆಂದು ಗುಳಿಗೆ ನಿಲ್ಲಿಸಿದರೆ ರೋಗ ಒಳಗೇ ಉಳಿದು ಮತ್ತೆ ಹೆಡೆ ಎತ್ತುತ್ತದೆ. ನಾಯಿ ಮಲಗುವ ಜಾಗದ ಗೋಡೆಯ ಬಿರುಕು, ಕಲ್ಲಿನ ಸಂದಿಗಳಲ್ಲಿ ಉಣ್ಣಿಗಳು ಮೊಟ್ಟೆ ಇಡುವುದರಿಂದ ಆ ಜಾಗವನ್ನೂ ಸುಣ್ಣಬಣ್ಣ ಮಾಡಿ ಬಿರುಕು ಮುಚ್ಚಬೇಕು.

ಜ್ವರವೆಂದು ಮನೆಯಲ್ಲಿರುವ ಮನುಷ್ಯರ ಗುಳಿಗೆ ಕೊಡುವುದು ಸರಿಯಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಲ್ಲವು.

ಮರಿ, ಬಿಸಿಲು, ಹಾವು

ಆರು ವಾರದಿಂದ ಆರು ತಿಂಗಳವರೆಗಿನ ಮರಿ ಪದೇ ಪದೇ ವಾಂತಿ ಮಾಡಿ, ದುರ್ವಾಸನೆಯ ರಕ್ತಭೇದಿ ಮಾಡಿದರೆ ಪಾರ್ವೊ ರೋಗವೆಂದು ಶಂಕಿಸಬೇಕು. ಲೋಕಕ್ಕೆ ಈ ರೋಗ ಪರಿಚಯವಾದದ್ದೇ 1978ರ ಸುಮಾರಿಗೆ. ಮರಿಯನ್ನು ಕೊಲ್ಲುವುದು ಮುಖ್ಯವಾಗಿ ನೀರಿನ ಕೊರತೆ. ಅದೇ ದಿನ ಸಲೈನ್ ಹಾಕಿಸಿದರೆ ಉಳಿಯುವ ಸಂಭವ ಹೆಚ್ಚು. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುವುದರಿಂದ ಆ ಜಾಗಕ್ಕೆ ಲಸಿಕೆಯಾಗದ ಹೊಸ ಮರಿಯನ್ನು ತರಬಾರದು. ಮುಧೋಳ ನಾಯಿಯ ಮರಿಗಳನ್ನು ದುಡ್ಡು ಕೊಟ್ಟು ತರುವವರು ತರುವ ದಿನವೇ ಲಸಿಕೆಯ ಚೀಟಿ ಕೇಳುವುದು ಒಳ್ಳೆಯದು.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ, ತಗಡಿನ ಕೆಳಗೆ ಅಥವಾ ಟ್ರಾಲಿಗೆ ಕಟ್ಟಿದ ನಾಯಿ ನಾಲಗೆ ಕಡುಕೆಂಪಾಗಿ, ಏದುಸಿರು ಬಿಡುತ್ತ ತೂರಾಡಿದರೆ ಅದು ಬಿಸಿಲ ಹೊಡೆತ. ನೆರಳಿಗೆ ತಂದು ಹೊಟ್ಟೆ, ತೊಡೆಸಂದಿ, ಪಾದಗಳಿಗೆ ಸಾದಾ ನೀರು ಹೊಯ್ದು ಗಾಳಿ ಬೀಸಬೇಕು. ಒದ್ದೆ ಗೋಣಿಚೀಲ ಹೊದಿಸಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಹಾವು ಕಚ್ಚುವುದು ಹೆಚ್ಚಾಗಿ ಮೂತಿಗೆ ಅಥವಾ ಮುಂಗಾಲಿಗೆ. ಕೊಳಕುಮಂಡಲವಾದರೆ ಬೇಗ ಬಾವು ಏರಿ ರಕ್ತ ಜಿನುಗುತ್ತದೆ. ನಾಗರಹಾವಾದರೆ ರೆಪ್ಪೆ ಬಿದ್ದು, ಕಾಲು ಸೋತು, ಜೊಲ್ಲು ಸುರಿಯುತ್ತದೆ. ಇಲ್ಲಿಯೂ ಬಾಯಿಗೆ ಕೈ ಬೇಡ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬಿಟ್ಟು, ನಾಯಿಯನ್ನು ನಡೆಸದೆ ಕಂಬಳಿಯಲ್ಲಿ ಹೊತ್ತು ಒಯ್ಯಬೇಕು. ಮನುಷ್ಯರಿಗೆ ಬಳಸುವ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ.

ಲಕ್ಷಣವೇ ತೋರದ ಕಾಯಿಲೆ

ಕುರಿಗಾರರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕುರಿ ಕೊಯ್ದಾಗ ನೀರಗುಳ್ಳೆಗಳಿರುವ ಯಕೃತ್ತು, ಪುಪ್ಪುಸವನ್ನು ನಾಯಿಗೆ ಎಸೆಯುವುದು ವಾಡಿಕೆ. ಆ ಗುಳ್ಳೆಗಳಲ್ಲಿ ಹೈಡಾಟಿಡ್ ಹುಳುವಿನ ಮರಿಗಳಿರುತ್ತವೆ. ನಾಯಿಯ ಕರುಳಿನಲ್ಲಿ ಅವು ಬೆಳೆದು ಮೊಟ್ಟೆ ಇಟ್ಟರೂ ನಾಯಿಗೆ ಏನೂ ಆದಂತೆ ಕಾಣದು. ಮೊಟ್ಟೆಗಳು ಮಲದ ಮೂಲಕ ಹುಲ್ಲಿಗೂ, ನಾಯಿಯ ತುಪ್ಪಳದ ಮೂಲಕ ಮಕ್ಕಳ ಕೈಗೂ ಸೇರಿ, ವರ್ಷಗಳ ಮೇಲೆ ಮನುಷ್ಯನ ಯಕೃತ್ತಿನಲ್ಲಿ ದೊಡ್ಡ ಗುಳ್ಳೆಯಾಗುತ್ತವೆ. ಕುರಿ ಒಂದೇ ಕಡೆಗೆ ಗಾಣದೆತ್ತಿನಂತೆ ಸುತ್ತಿ ಸಾಯುವ ಕಾಯಿಲೆಗೂ ನಾಯಿಯ ಇನ್ನೊಂದು ಲಾಡಿಹುಳುವೇ ಕಾರಣ. ಅದು ಸತ್ತ ಕುರಿಯ ತಲೆಯನ್ನು ನಾಯಿ ತಿನ್ನುವುದರಿಂದ ಬರುತ್ತದೆ. ಗುಳ್ಳೆ ಕಂಡ ಅಂಗಗಳನ್ನು ಮತ್ತು ಅಂತಹ ತಲೆಯನ್ನು ಸುಡಬೇಕು ಅಥವಾ ನಾಯಿ ಕೆದರಲಾರದಷ್ಟು ಆಳದಲ್ಲಿ ಹೂಳಬೇಕು. ಹಿಂಡಿನ ನಾಯಿಗೆ ಮೂರು ತಿಂಗಳಿಗೊಮ್ಮೆಯಾದರೂ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕ ಕೊಡಿಸಬೇಕು.

ಆಸ್ಪತ್ರೆಗೆ ಹೋಗುವಾಗ

ಎಷ್ಟೇ ಸಾಧುವಾದ ನಾಯಿಯೂ ನೋವಿನಲ್ಲಿ ಕಚ್ಚುತ್ತದೆ. ಮೂತಿಗೆ ಬಟ್ಟೆಪಟ್ಟಿ ಸುತ್ತಿ ಕಿವಿಯ ಹಿಂದೆ ಗಂಟು ಹಾಕಿ ಒಯ್ಯಬೇಕು. ವಾಂತಿ ಮಾಡುತ್ತಿರುವ, ಉಸಿರಾಟ ಕಷ್ಟವಾಗಿರುವ ನಾಯಿಗೆ ಮೂತಿ ಕಟ್ಟುವಂತಿಲ್ಲ. ಹುಚ್ಚಿನ ಶಂಕೆ ಇದ್ದರೆ ಒಯ್ಯುವುದೇ ಬೇಡ, ಪಶುವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ನಡೆಯಬೇಕು. ಪಶುಪಾಲನಾ ಇಲಾಖೆಯ ಪಶು ಸಂಜೀವಿನಿ ಸೇವೆಯ 1962 ಸಂಖ್ಯೆಗೆ ಕರೆ ಮಾಡಿ ಸಲಹೆ ಕೇಳಬಹುದು. ಕೊನೆಯ ಸಲ ಯಾವಾಗ ಉಂಡಿತು, ವಾಂತಿ ಭೇದಿ ಎಷ್ಟು ಸಲ, ಮೂತ್ರದ ಬಣ್ಣವೇನು, ವಾರದೊಳಗೆ ಹೊಲಕ್ಕೆ ಏನು ಹೊಡೆದಿದ್ದರು, ಎರಡು ಮೂರು ತಿಂಗಳಲ್ಲಿ ಬೇರೆ ನಾಯಿ, ನರಿ, ತೋಳ ಕಚ್ಚಿತ್ತೇ ಎಂಬ ವಿವರಗಳನ್ನು, ನಾಯಿಯನ್ನು ದಿನವೂ ನೋಡುವವರು ಹೇಳಬೇಕು. ಅನೇಕ ಮನೆಗಳಲ್ಲಿ ಇವು ಗೊತ್ತಿರುವುದು ಯಜಮಾನನಿಗಲ್ಲ, ಅನ್ನ ಹಾಕುವ ಹೆಂಗಸರಿಗೆ ಮತ್ತು ಕುರಿ ಕಾಯುವ ಹುಡುಗರಿಗೆ. ಅವರನ್ನೇ ಜೊತೆಗೆ ಕರೆದೊಯ್ಯುವುದು ಮೇಲು.

ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಮೊದಲ ಸಲ, ಪಶುವೈದ್ಯರು ಹೇಳಿದ ದಿನ ಇನ್ನೊಂದು ಸಲ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಅನೇಕ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರಗಳು ನಡೆಯುತ್ತವೆ. ಸುಗ್ಗಿಯ ನಂತರ ಗಂಗಾವತಿ ಬಯಲಿಗೆ ಕುರಿ ತರುಬಲು ಹೋಗುವ ಕುಷ್ಟಗಿ, ಯಲಬುರ್ಗಾ ಕಡೆಯ ಹಿಂಡಿನವರು, ಹೊರಡುವ ಮುನ್ನವೇ ನಾಯಿಗಳಿಗೆ ಲಸಿಕೆ ಮುಗಿಸಿ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು ಅನುಕೂಲ.